ಎತ್ತು ಮಲಗಿದ ಕಡೆ ವಿಮಾನದ ಶಾಲೆ

ನಮ್ಮ ಹಟ್ಟಿಯಲ್ಲಿ ಹೈಸ್ಕೂಲು ಇರಲಿಲ್ಲ. ಏಳನೇ ಕ್ಲಾಸು ಮುಗಿಸಿದ ಗಂಡುಹುಡುಗರು ಬಸ್ಸು ಹತ್ತಿ ದೇವಸಮುದ್ರಕ್ಕೋ ಚಳ್ಳಕೆರೆಯ ಹಾಸ್ಟೆಲಿಗೋ ಹೋಗುತ್ತಿದ್ದರು, ನಾವು ಹೆಣ್ಣುಮಕ್ಕಳು ಕುರಿಯ ಹಿಂದೆ ಹೋಗುತ್ತಿದ್ದೆವು. ಯಾರನ್ನು ಬೈದು ಏನು ಬಂತು, ಎಲ್ಲರ ಮನೆ ದೋಸೆಯೂ ತೂತೇ. ನಮ್ಮಪ್ಪನದಂತೂ ಒಂದೇ ಮಾತು.

"ಕಣ್ಣಿಗೆ ಕಾಣೋ ಕಡೆ ಶಾಲೆ ಇದ್ರೆ ಓದ್ಲಿ. ಕಾಣದ ಕಡೆಗೆ ನಾನು ಕಳ್ಸಲ್ಲ."

ಅಪ್ಪ ದೇವರ ಎತ್ತುಗಳ ಕಿಲಾರಿ. ನಮ್ಮಲ್ಲಿ ದೇವರಿಗೆ ಬಿಟ್ಟ ಎತ್ತುಗಳನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ. ಅವನ್ನು ಕಾವಲಿಗೆ, ಅಂದರೆ ಹಟ್ಟಿಯಾಚೆಯ ಸರ್ಕಾರದ ಹುಲ್ಲುಗಾವಲಿಗೆ, ಹೊಡೆದುಕೊಂಡು ಹೋಗಿ, ಸಂಜೆ ರೊಪ್ಪಕ್ಕೆ ಕೂಡಿ ನೋಡಿಕೊಳ್ಳುವವನೇ ಕಿಲಾರಿ. ಇಡೀ ದಿನ ಅವನ ಕಣ್ಣಿಗೆ ಕಾಣುತ್ತಿದ್ದದ್ದು ಹುಲ್ಲು ಮತ್ತು ಒಂದು ಜಾಲಿ ಮರ. ಅಲ್ಲಿ ಯಾರು ಶಾಲೆ ಕಟ್ಟುತ್ತಾರೆ? ನಾನು ಏಳನೇ ಕ್ಲಾಸಿನಲ್ಲಿರುವಾಗಲೇ ಅವ್ವ ನನ್ನ ಪಾಲಿಗೆ ಕುರಿಮರಿಗಳನ್ನು ಬೇರೆ ಮಾಡಿಟ್ಟಿದ್ದಳು.

ಆ ವರ್ಷವೇ ಕುದಾಪುರದ ಕಡೆ ವಿಮಾನ ಹಾರಿಸಿ ನೋಡುವ ಜಾಗ ಆಗುತ್ತದೆ ಎಂಬ ಸುದ್ದಿ ಹಬ್ಬಿತು. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಸಾಹುಕಾರರೊಬ್ಬರಿಗೆ ಹುರುಪು ಬಂತು. ವಿಮಾನ ಹಾರುವ ಸೀಮೆಯ ಮಕ್ಕಳು ಬರೀ ಕತ್ತೆತ್ತಿ ನೋಡಿದರೆ ಸಾಲದು, ಅದು ಹೇಗೆ ಹಾರುತ್ತದೆಂದು ಕಲಿಯಬೇಕು ಎಂದರು. ಸಿಮೆಂಟು, ಕಬ್ಬಿಣ ಅವರದು, ಕಲ್ಲು, ಮೈಬೆವರು ಹಟ್ಟಿಯದು, ಮೇಷ್ಟ್ರುಗಳು ಸರ್ಕಾರದವರು. ನಮ್ಮ ಪ್ರೈಮರಿ ಶಾಲೆಯ ಹೆಡ್‌ಮೇಷ್ಟ್ರು ಚಪ್ಪಲಿ ಸವೆಯುವಷ್ಟು ಓಡಾಡಿ ಹೈಸ್ಕೂಲಿಗೆ ಒಪ್ಪಿಗೆ ತಂದರು. ಕಟ್ಟಡವೂ ವಿಮಾನದ ಆಕಾರದಲ್ಲೇ ಇರಬೇಕೆಂಬುದು ಸಾಹುಕಾರರ ಆಸೆ. ಮೂಗಿನಲ್ಲಿ ಹೆಡ್‌ಮೇಷ್ಟ್ರ ಕೋಣೆ, ಹೊಟ್ಟೆಯಲ್ಲಿ ಪ್ರಾರ್ಥನೆಯ ಹಾಲ್, ರೆಕ್ಕೆಗಳಲ್ಲಿ ಕ್ಲಾಸುಗಳು. ಬಲಗಡೆ ರೆಕ್ಕೆಯ ಮೊದಲ ಕೋಣೆಯೇ ಎಂಟನೇ ಕ್ಲಾಸು, ಅದು ನಿನ್ನದು ಎಂದು ಹೆಡ್‌ಮೇಷ್ಟ್ರು ನಕ್ಷೆಯ ಮೇಲೆ ನನ್ನ ಬೆರಳಿಡಿಸಿ ತೋರಿಸಿದರು. ಅಂದು ನಾನು ಎಷ್ಟು ಖುಷಿಪಟ್ಟೆನೆಂದರೆ ಮನೆಗೆ ಬಂದು ಮರಿಗಳಿಗೂ ಹೇಳಿದೆ.

ಸರ್ಕಾರ ಕೊಟ್ಟ ಜಾಗ ರಸ್ತೆಯ ಪಕ್ಕ, ಹಟ್ಟಿಯ ಆಚೆ ತುದಿಗಿತ್ತು. ಆದರೆ ದೇವರ ಎತ್ತು ಒಪ್ಪದ ಜಾಗದಲ್ಲಿ ನಮ್ಮವರು ಒಂದು ಕಟ್ಟೆಯನ್ನೂ ಕಟ್ಟಿದವರಲ್ಲ. ಎತ್ತಿಗೆ ಅರಿಶಿನ ಹಚ್ಚಿ ಬಿಡಬೇಕು, ಅದು ಹೋಗಿ ಮಲಗಿದ ಕಡೆ ಪಾಯ ತೋಡಬೇಕು. ಕಿಲಾರಿ ಎತ್ತಿನ ಹಿಂದೆಯೇ ಇರಬೇಕು, ಕರೆಯಬಾರದು, ಮುಟ್ಟಬಾರದು. ಆ ದಿನ ಅಪ್ಪ ಕರೆಯಲೂ ಇಲ್ಲ, ಮುಟ್ಟಲೂ ಇಲ್ಲ. ಎತ್ತು ಬಿಡುವುದಕ್ಕೆ ಮುಂಚೆಯೇ ಹೋಗಿ ಕಾವಲಿನ ಜಾಲಿ ಮರದ ಕೆಳಗೆ ಸುಮ್ಮನೆ ನಿಂತುಕೊಂಡ. ಯಾಕೆಂದು ಯಾರೂ ಕೇಳಲಿಲ್ಲ. ಎತ್ತು ರಸ್ತೆಯ ಕಡೆ ಮೂಸಿಯೂ ನೋಡದೆ ನೆಟ್ಟಗೆ ಹೋಗಿ ಅವನ ಕಾಲ ಬುಡದಲ್ಲಿ ಮಲಗಿತು.

ಇದು ಕಾವಲಿನ ಜಮೀನು, ಶಾಲೆಗೆ ಕೊಟ್ಟದ್ದಲ್ಲ ಎಂದು ಹೆಡ್‌ಮೇಷ್ಟ್ರು ಕೈಮುಗಿದು ಹೇಳಿದರು.

"ದೇವ್ರಿಗಿಂತ ದೊಡ್ಡ ಸರ್ವೆ ಯಾವುದೈತ್ರಿ ಮೇಷ್ಟ್ರೇ?" ಎಂದ ಹಟ್ಟಿಯ ಯಜಮಾನ.

ಸಾಹುಕಾರರೂ ದೈವಭಕ್ತರು, ತಲೆಯಾಡಿಸಿದರು. ಅಪ್ಪ ನನ್ನ ಕಡೆ ನೋಡಿ ನಕ್ಕ. ಅವನು ನಗುವುದೇ ಅಪರೂಪ.

ನಮ್ಮವರು ಹಳೆಯ ರೊಪ್ಪದ ಗೋಡೆ ಕಿತ್ತು ಆ ಕಲ್ಲನ್ನೇ ಪಾಯಕ್ಕೆ ಹಾಕಿದರು. ಅವ್ವನೂ ನಾನೂ ಕಲ್ಲು ಹೊತ್ತೆವು. ಬಲಗಡೆ ರೆಕ್ಕೆ ಎದೆಮಟ್ಟಕ್ಕೆ ಎದ್ದಿತ್ತು, ಅಷ್ಟರಲ್ಲಿ ಅಳತೆಯವರು ಬಂದರು. ಕಾವಲಿನ ಆ ಭಾಗವನ್ನು ಮೊದಲೇ ವಿಮಾನದ ಜಾಗಕ್ಕೆ ಕೊಟ್ಟಾಗಿತ್ತು. ಕೆಲಸ ನಿಂತಿತು. ಕೆಲವು ತಿಂಗಳಲ್ಲಿ ಕಾಂಪೌಂಡು ಎದ್ದು, ನಮ್ಮ ಅರ್ಧ ಶಾಲೆ ಅದರ ಒಳಗಾಯಿತು.

ರಸ್ತೆ ಪಕ್ಕದ ಜಾಗ ಇನ್ನೂ ಇದೆ, ಬನ್ನಿ, ಅಲ್ಲೇ ಮತ್ತೆ ಶುರುಮಾಡೋಣ ಎಂದು ಹೆಡ್‌ಮೇಷ್ಟ್ರು ಮನೆ ಮನೆ ತಿರುಗಿದರು. ಎತ್ತು ತೋರಿಸಿದ ಜಾಗ ಬಿಟ್ಟು ಬೇರೆ ಕಡೆ ಕಟ್ಟಿದರೆ ದೇವರು ಮುನಿಯುತ್ತದೆ ಎಂದು ಯಾರೂ ಗುದ್ದಲಿ ಮುಟ್ಟಲಿಲ್ಲ. ಹೈಸ್ಕೂಲು ಬೇರೆ ಊರಿಗೆ ಹೋಯಿತು, ಸಾಹುಕಾರರ ಸಿಮೆಂಟೂ ಅದರ ಹಿಂದೆಯೇ ಹೋಯಿತು. ಅದು ಮಾಮೂಲಿ ಚೌಕದ ಕಟ್ಟಡ ಎಂದು ಆಮೇಲೆ ಕೇಳಿದೆ. ಬಸ್ಸಿನ ದಾರಿ. ಅಪ್ಪನ ಕಣ್ಣಿಗೆ ಕಾಣುವುದಿಲ್ಲ. ನಾನು ಅತ್ತೆ, ಊಟ ಬಿಟ್ಟೆ. ಏನೂ ಆಗಲಿಲ್ಲ. ಮರಿಗಳ ಹಿಂದೆ ಹೋದೆ.

ಎತ್ತು ಮಾತ್ರ ಆ ಜಾಗಕ್ಕೆ ಹೋಗಿ ಮಲಗುವ ಅಭ್ಯಾಸ ಬಿಡಲಿಲ್ಲ. ಕಾಂಪೌಂಡಿನ ಗೇಟಿನಲ್ಲಿದ್ದ ಸೆಕ್ಯುರಿಟಿಯವನು ಪಕ್ಕದ ಹಟ್ಟಿಯವನೇ. ದೇವರ ಎತ್ತು ಬಂದರೆ ಕೈಮುಗಿದು ಒಳಗೆ ಬಿಡುತ್ತಿದ್ದ. ಒಂದು ಮಧ್ಯಾಹ್ನ ಅಪ್ಪನಿಗೆ ಬುತ್ತಿ ಒಯ್ದವಳು ಎತ್ತಿನ ಹಿಂದೆಯೇ ಹೆಜ್ಜೆ ಇಟ್ಟೆ. ಸೆಕ್ಯುರಿಟಿಯವನು ಕೋಲು ಅಡ್ಡ ಹಿಡಿದ.

"ಎತ್ತು ಹೋಗ್ಲಿ. ನೀನು ಬರಂಗಿಲ್ಲ ಕಣಮ್ಮ."

ಬಾಗಿಲಿಗೆಂದು ಬಿಟ್ಟ ಸಂದಿನಲ್ಲಿ ಗೇಟಿನಿಂದಲೇ ಕಾಣುತ್ತಿತ್ತು. ಎತ್ತು ಬಲಗಡೆ ರೆಕ್ಕೆಯ ಮೊದಲ ಕೋಣೆಗೆ ಹೋಗಿ, ಗೋಡೆಯ ನೆರಳಿಗೆ ಮಲಗಿ ಮೆಲುಕು ಹಾಕತೊಡಗಿತು. ಎಂಟನೇ ಕ್ಲಾಸಿನಲ್ಲಿ ಅದೊಂದೇ ಇತ್ತು. ದೇವರೆಂದು ಪೂಜಿಸಿದ ಪ್ರಾಣಿಯ ಮೇಲೆ ಅಷ್ಟು ಸಿಟ್ಟು ಬರಬಹುದೆಂದು ನನಗೆ ಗೊತ್ತಿರಲಿಲ್ಲ.

ಅಪ್ಪ ಬಂದು ನನ್ನ ಹಿಂದೆ ನಿಂತ. ಬಹಳ ಹೊತ್ತು ಒಳಗೇ ನೋಡಿದ. ಆಮೇಲೆ ತುಟಿ ಕೂಡಿಸಿ ಒಮ್ಮೆ ಕರೆದ. ಎತ್ತು ಎದ್ದು, ರೆಕ್ಕೆ ದಾಟಿ, ಗೇಟು ದಾಟಿ ಬಂದು ಅವನ ಕಾಲ ಬುಡದಲ್ಲಿ ನಿಂತಿತು. ಅದರ ಕೊರಳಿನ ಗಂಗೆದೊಗಲು ನೀವುತ್ತಾ ಅಪ್ಪ ಅಂದ:

"ನಿಂದೇನೂ ತಪ್ಪಿಲ್ಲ ಬಿಡಪ್ಪ. ಅಲ್ಲಿ ನಿಂತಿದ್ದೋನು ನಾನು."

ನಾನು ಪಕ್ಕದಲ್ಲೇ ಬುತ್ತಿ ಹಿಡಿದು ನಿಂತಿದ್ದೆ. ಆಮೇಲೆ ಮೊಳಕಾಲ್ಮೂರಿಗೆ ಮದುವೆಯಾಗಿ ಬಂದೆ, ಮಗ್ಗದ ಮುಂದೆ ಕೂತೇ ಹತ್ತನೇ ಕ್ಲಾಸಿನ ಪರೀಕ್ಷೆ ಕಟ್ಟಿ ಪಾಸಾದೆ. ಅಪ್ಪ ತೀರಿಕೊಳ್ಳುವವರೆಗೂ ಆ ಮಾತನ್ನು ನನಗೆ ಹೇಳಲಿಲ್ಲ, ಎತ್ತಿಗೆ ಹೇಳಿದ್ದೇ ಕೊನೆ.