ಹಗ್ಗ ಮುಟ್ಟಿದವರ ಪಾಲು

ಶಿಬಿರದ ಮಕ್ಕಳು ಬಂದು ಮೂರು ದಿನವಾಗಿತ್ತು, ಮೂರು ದಿನವೂ ಗುಡ್ಡನ ತಲೆ ಕೆಟ್ಟಿತ್ತು. ಬ್ರಹ್ಮಾವರ ಕಡೆಯ ಕಾಲೇಜೊಂದರ ಐವತ್ತು ಹುಡುಗ ಹುಡುಗಿಯರು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಕೈಗೆ ಗ್ಲೌಸು. ಬೈಂದೂರು ಕಡೆಯ ಈ ಕಡಲ ತಡಿಯ ಶಾಲೆಯಲ್ಲಿ ಉಳಿದುಕೊಂಡು, ಬೆಳಗಾದರೆ ಮರಳಿನಲ್ಲಿ ಪ್ಲಾಸ್ಟಿಕ್ ಹೆಕ್ಕುತ್ತಿದ್ದರು. ಹೆಕ್ಕಲಿ, ಯಾರು ಬೇಡ ಅಂದರು? ಆದರೆ ಹೆಕ್ಕುವುದಕ್ಕಿಂತ ಕೂಗುವುದೇ ಹೆಚ್ಚು. ಆ ಗದ್ದಲದಲ್ಲಿ ಒಬ್ಬ ಮನುಷ್ಯ ಕಡಲ ಮೇಲೆ ಕಣ್ಣಿಟ್ಟು ಕೂರುವುದಾದರೂ ಹೇಗೆ?

ಕಣ್ಣಿಟ್ಟು ಕೂರುವುದೇ ಅರವತ್ತೇಳು ವರ್ಷದ ಗುಡ್ಡನ ಕಸುಬು. ಇಲ್ಲಿಯ ಕೈರಂಪಣಿ ಗುಂಪಿಗೆ ಮೀನು ನೋಡಿ ಹೇಳುವವನು ಅವನು. ಕೈರಂಪಣಿ ಎಂದರೆ ದಡದಿಂದಲೇ ಎಳೆಯುವ ದೊಡ್ಡ ಬಲೆ. ದೋಣಿ ಹೋಗಿ ಮೀನಿನ ಹಿಂಡನ್ನು ಸುತ್ತಿ ಬಲೆ ಬಿಟ್ಟು ಬರುತ್ತದೆ. ಆಮೇಲೆ ಎರಡು ತುದಿಯ ಹಗ್ಗ ಹಿಡಿದು ನಲವತ್ತು ಜನ ಮರಳ ಮೇಲೆ ನಿಂತು ಎಳೆಯಬೇಕು. ಮೂವತ್ತು ವರ್ಷ ಗುಡ್ಡ ಕೈ ತೋರಿಸಿದ ಕಡೆಗೆ ದೋಣಿ ಕಣ್ಣು ಮುಚ್ಚಿಕೊಂಡು ಹೋಗಿದೆ. ಈ ವರ್ಷ ಮಾತ್ರ ಎರಡು ಸಲ ಎಡವಿದ. ಒಮ್ಮೆ ಬಲೆ ತುಂಬ ಲೋಳೆ ಲೋಳೆ ಜೆಲ್ಲಿ ಮೀನು ಬಂತು. ಇನ್ನೊಮ್ಮೆ ಏನೂ ಬರಲಿಲ್ಲ, ಅವನು ಕಂಡದ್ದು ಮೋಡದ ನೆರಳಂತೆ! ಅಂದಿನಿಂದ ತಡಿಯಲ್ಲಿ ಮೋಡ ಕಂಡರೆ ಸಾಕು, ಎಲ್ಲರೂ ಗುಡ್ಡನ ಮುಖ ನೋಡಿ ನಗುತ್ತಿದ್ದರು. ಗುಂಪಿನ ಮುಖಂಡ ಶೇಖರ ನಗಲಿಲ್ಲ. "ಗುಡ್ಡಣ್ಣ, ಇನ್ನೊಂದ್ ಸಲ ಖಾಲಿ ಬಲೆ ಬಂದ್ರೆ ಮಡ್ಚಿ ಶೆಡ್ಡಿಗೆ ಹಾಕ್ತೆ. ಮತ್ತೆ ತೆಗುದಿಲ್ಲ" ಎಂದಿದ್ದ. ಬಲೆ ಶೆಡ್ಡಿಗೆ ಹೋದರೆ ಗುಡ್ಡನೂ ಹೋದಂತೆಯೇ. ನೋಡಿ ಹೇಳುವವನಿಗೆ ಆಮೇಲೆ ಯಾವ ಕೆಲಸ?

ನಾಲ್ಕನೇ ದಿನ ಬೆಳಿಗ್ಗೆ ಎಂಟರ ಹೊತ್ತಿಗೆ ಗುಡ್ಡ ತಟ್ಟನೆ ಎದ್ದು ನಿಂತ. ದೂರದಲ್ಲಿ ಒಂದು ಕಡೆ ನೀರು ಕಪ್ಪಾಗಿತ್ತು. ಅದರ ಮೇಲೆ ಸಣ್ಣ ಮಳೆ ಹೊಯ್ದ ಹಾಗೆ ಚಿಟಿಚಿಟಿ. ಮಳೆಯಂತೂ ಇರಲಿಲ್ಲ.

"ಹ್ವಾಯ್ ಶೇಖರಾ! ಬಂಗ್ಡಿ! ಬಂಗ್ಡಿ ಬಂತ್ ಮಾರಾಯಾ!"

ಶೇಖರ ಓಡಿ ಬಂದ, ಹಣೆಗೆ ಕೈ ಅಡ್ಡ ಹಿಡಿದು ನೋಡಿದ. "ಬಂಗ್ಡಿಯೇ ಅಂತ ಇಟ್ಕಂಬ. ಎಳುಕೆ ಜನ ಎಲ್ಲಿತ್ತ್? ಎಲ್ಲ ಗಂಗೊಳ್ಳಿ ಬೋಟಿನ ಕೆಲ್ಸಕ್ಕೆ ಹೋಯ್ರ್. ಹದ್ನಾಲ್ಕ್ ಜನ ಎಂತ ಮಾಡುಕಾತ್ತ್?"

ಗುಡ್ಡ ಹಿಂದೆ ತಿರುಗಿದ. ಐವತ್ತು ಜೋಡಿ ಕೈಗಳು ಚಿಪ್ಸ್ ಪ್ಯಾಕೆಟ್ ಹೆಕ್ಕುತ್ತಿದ್ದವು. ಜನ್ಮದಲ್ಲಿ ಯಾರ ಹತ್ತಿರವೂ ಏನೂ ಕೇಳದ ಗುಡ್ಡ, ಮೂರು ದಿನ ಬೈದುಕೊಂಡ ಮಕ್ಕಳ ಹತ್ತಿರ ಹೋಗಬೇಕಾಯಿತು. ನಾಚಿಕೆಯಾಯಿತು ನಿಜ. ಆದರೆ ಬಂಗುಡೆ ಮೀನು ಅವನ ನಾಚಿಕೆ ಮುಗಿಯುವವರೆಗೆ ಕಾಯುವುದಿಲ್ಲವಲ್ಲ.

ಶಿಬಿರ ನಡೆಸುತ್ತಿದ್ದ ಗಿರಿಜಾ ಟೀಚರ್ ಅವನ ಮಾತು ಕೇಳಿದವರೇ ಆಗದೆಂದು ತಲೆಯಾಡಿಸಿದರು. "ಇಲ್ಲ ಅಜ್ಜ. ಒಬ್ರೂ ನೀರಿಗೆ ಇಳುದಿಲ್ಲ ಅಂತ ಮಕ್ಕಳ ಮನಿಯವ್ರಿಗೆ ಬರ್ದ್ ಕೊಟ್ಟಿದೆ."

ಗುಡ್ಡ ಒಣ ಮರಳಿನಲ್ಲಿ ಹಿಮ್ಮಡಿಯಿಂದ ಉದ್ದಕ್ಕೆ ಗೆರೆ ಎಳೆದ. "ಕಾಣಿ ಟೀಚರೆ. ನೀರ್ ಬದಿಗೆ ನಮ್ಮವ್ರ್ ನಿಲ್ತ್ರ್. ಮಕ್ಕಳ್ ಇದ್ರ ಹಿಂದೆ. ಒಂದ್ ಮಗು ಈ ಗೆರಿ ದಾಟ್ರೂ ಹಗ್ಗ ನಾನೇ ಕಡಿತೆ."

ಟೀಚರ್ ಗೆರೆ ನೋಡಿದರು, ಅವನ ಮುಖ ನೋಡಿದರು. "ಆಯ್ತ್" ಎಂದರು.

ದೋಣಿ ಹೋಗಿ ಬಲೆ ಬಿಟ್ಟು ಬಂತು. ಹಗ್ಗ ದಡಕ್ಕೆ ಬಿದ್ದದ್ದೇ ತಡ, ಐವತ್ತೂ ಮಕ್ಕಳು ಹತ್ತಿರವಿದ್ದ ತೆಂಕು ಬದಿಯ ಹಗ್ಗಕ್ಕೆ ಮುಗಿಬಿದ್ದರು. ಕಾಲೇಜಿನಲ್ಲಿ ಹಗ್ಗಜಗ್ಗಾಟ ಆಡಿ ಗೊತ್ತಿತ್ತಲ್ಲ! ಕಾಲು ಊರಿ, ಹಲ್ಲು ಕಚ್ಚಿ, ಕೇಕೆ ಹಾಕಿ ಎಳೆದರು. ತೆಂಕಿನ ಬಲೆ ಸರ್ರನೆ ಬಂತು. ಬಡಗಿನದು ಹಿಂದೆಯೇ ಉಳಿಯಿತು. ಹೀಗೆ ಒಂದೇ ಬದಿ ಎಳೆದರೆ ಬಲೆಯ ಬುಡ ಮೇಲೇಳುತ್ತದೆ, ಮೀನೆಲ್ಲ ಅಡಿಯಿಂದ ಪಾರು.

"ಮೆಲ್ಲ! ಮೆಲ್ಲ ಮಕ್ಕಳೇ!"

ಯಾರಿಗೆ ಕೇಳಬೇಕು? ಗುಡ್ಡ ಓಡಿ ಬಂದು ಹಗ್ಗವನ್ನು ತಬ್ಬಿ ಮರಳಿನಲ್ಲಿ ಕುಳಿತೇ ಬಿಟ್ಟ. ಆ ಉತ್ಸಾಹಿಗಳು ಅವನನ್ನೂ ಸೇರಿಸಿ ನಾಲ್ಕು ಮಾರು ಎಳೆದರು! ಪೂಜಿತಾ ಎಂಬ ಹುಡುಗಿ ಕಂಡು, "ಏ ನಿಲ್ಸಿ! ಹಗ್ಗದೊಟ್ಟಿಗೆ ಅಜ್ಜನೂ ಬತ್ತಾ ಇದ್ರ್!" ಎಂದು ಕಿರುಚಿದಾಗಲೇ ನಿಂತದ್ದು.

ಗುಡ್ಡ ಮರಳು ಕೊಡವಿಕೊಂಡು ಎದ್ದ. ಬೈಯಲು ಬಾಯಿ ತೆರೆದವನು ಆ ಬೆವೆತ ಮುಖಗಳನ್ನು ನೋಡಿ ದನಿ ತಗ್ಗಿಸಿದ. "ಗೆಲ್ಲುಕೆ ಅಲ್ಲ ಮಕ್ಕಳೇ ಎಳುದ್. ನಾವ್ ಎಳುದ್ ಮೀನಿಗೆ ಗೊತ್ತಾಪುಕಾಗ. ಮಗು ಮಲ್ಗಿಪ್ಪ ತೊಟ್ಲ್ ಎಳ್ದಾಂಗೆ ಎಳಿ. ಅರ್ಧ ಜನ ಆಚಿ ಹಗ್ಗಕ್ಕೆ ಹೋಯ್ನಿ. ನನ್ನ ಕೈ ಕಾಣಿ. ಎತ್ತಿರೆ ಎಳುದ್, ಇಳ್ಸಿರೆ ನಿಲ್ಲುದ್."

ಎರಡು ಹಗ್ಗಗಳ ನಡುವೆ ನಿಂತು ಅವನು ಕೈ ಎತ್ತಿದ. ಅರವತ್ತಕ್ಕೂ ಹೆಚ್ಚು ಜನ ಒಟ್ಟಿಗೆ ಹಿಂದಕ್ಕೆ ಸರಿದರು. ಇಳಿಸಿದ, ನಿಂತರು. ಒಂದು ಗಂಟೆ ಹೀಗೇ ನಡೆಯಿತು. ಬಲೆ ಹತ್ತಿರವಾಯಿತು. ಮೀನಿನ ಸುಳಿವೇ ಇಲ್ಲ. ಗುಡ್ಡ ಆಕಾಶ ನೋಡಿದ, ಒಂದು ತುಣುಕು ಮೋಡವಿಲ್ಲ. ಆದರೂ ನಂಬಿಕೆ ಬರಲಿಲ್ಲ. ಶೇಖರ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಆಗ ಒಂದು ಬಂಗುಡೆ ಚಂಗನೆ ಹಾರಿತು. ಮತ್ತೊಂದು. ಆಮೇಲೆ ನೀರೆಲ್ಲ ಕುದಿಯತೊಡಗಿತು!

"ಇತ್ತಾ ಇಲ್ದಾ? ಹೇಳ್ ಶೇಖರಾ, ಇತ್ತಾ ಇಲ್ದಾ?" ಗುಡ್ಡ ಮಗುವಿನ ಹಾಗೆ ಕುಣಿದ. ಮಕ್ಕಳು ಗೆರೆಯ ಹಿಂದೆಯೇ ಕುಣಿದರು. ಗೆರೆ ದಾಟಿದ್ದು ಒಬ್ಬರೇ: ಮೊಣಕಾಲವರೆಗೆ ಸೀರೆ ನೆನೆಸಿಕೊಂಡು ಬಲೆಗೆ ಕೈ ಹಾಕಿದ ಗಿರಿಜಾ ಟೀಚರ್. ಯಾರೂ ಹಗ್ಗ ಕಡಿಯಲಿಲ್ಲ.

ಮೀನು ರಾಶಿ ಬಿತ್ತು. ಮಾರುವ ಮೀನು ಬದಿಗಿಟ್ಟು, ಮನೆಗೊಯ್ಯುವ ಪಾಲು ಹಾಕತೊಡಗಿದರು. ಹಗ್ಗ ಮುಟ್ಟಿದ ಪ್ರತಿಯೊಬ್ಬರಿಗೂ ಒಂದು ಪಾಲು, ಅದು ತಡಿಯ ಕ್ರಮ. ಮಕ್ಕಳು ಹಿಂದೆ ಸರಿದರು. "ಬೇಡ ಅಜ್ಜ, ನಾವ್ ಸೇವೆಗೆ ಬಂದದ್ದ್" ಎಂದಳು ಪೂಜಿತಾ. ಒಳ್ಳೆಯ ಮಾತೆಂದೇ ಹೇಳಿದ್ದು. ಆದರೆ ಪಾಲು ಹಾಕುತ್ತಿದ್ದವರು ಬುಟ್ಟಿ ಕೆಳಗಿಟ್ಟರು.

ಗುಡ್ಡನಿಗೆ ಸಿಟ್ಟು ನೆತ್ತಿಗೇರಿತು. "ಪಾಲ್ ತಕಣ್ದೆ ಇದ್ರೆ ನೀವ್ ನೆಂಟ್ರ್. ನೆಂಟ್ರನ್ನ ನಾಳೆ ಹಗ್ಗಕ್ಕೆ ಬನ್ನಿ ಅಂತ ಕರುಕಾತ್ತಾ?"

ಪೂಜಿತಾ ಅವನನ್ನೇ ನೋಡಿದಳು. ಗ್ಲೌಸು ಬಿಚ್ಚಿದಳು. "ನಾನ್ ಮೀನ್ ತಿಂಬುದಿಲ್ಲ ಅಜ್ಜ" ಎಂದು ಎರಡೂ ಕೈ ಒಡ್ಡಿದಳು. ಗುಡ್ಡ ನಾಲ್ಕು ಬಂಗುಡೆ ಇಟ್ಟ. ಅವಳ ಹಿಂದೆ ಸಾಲು ಬೆಳೆಯಿತು.

ಅಷ್ಟರಲ್ಲಿ ಶೇಖರ ಬಂದ. ಬಲೆ ಶೆಡ್ಡಿಗೋ ದೋಣಿಗೋ ಎಂದು ಗುಡ್ಡ ಕೇಳಲಿಲ್ಲ, ಕೇಳುವ ಧೈರ್ಯವಿರಲಿಲ್ಲ. ಶೇಖರ ಮಕ್ಕಳ ಸಾಲನ್ನು ಒಮ್ಮೆ ನೋಡಿ ಹೇಳಿದ:

"ಗುಡ್ಡಣ್ಣ, ನಾಳೆ ಎಷ್ಟ್ ಗಂಟಿಗೆ ಬರ್ಕ್ ಅಂತ ಇವ್ರಿಗೆ ನೀವೇ ಹೇಳಿ."

ಗುಡ್ಡ ಮಕ್ಕಳ ಕಡೆ ತಿರುಗಿದ. ಐದು ಬೆರಳು ಎತ್ತಿ ತೋರಿಸಿ, ಮೀನಿನ ರಾಶಿಯ ಕಡೆ ಮುಖ ತಿರುಗಿಸಿದ.