ಹತ್ತು ನಿಮಿಷದ ಕುರ್ಚಿ

ಬೆಳಗಿನ ಐದೂ ಮುಕ್ಕಾಲು. ಔಷಧಿ ಅಂಗಡಿಯ ಮೇಲಿನ ಮಹಡಿಯ ಕ್ಲಿನಿಕ್ಕಿನಲ್ಲಿ ಬೀಗ ತೆಗೆದ ಸದ್ದು. ಸಿನಿಮಾದಲ್ಲಾಗಿದ್ದರೆ ಇಲ್ಲಿ ಡೋಲು ಬಡಿದು, ಮೊದಲು ಚಪ್ಪಲಿ, ಆಮೇಲೆ ಕೈ, ಕೊನೆಗೆ ಮುಖ ತೋರಿಸುತ್ತಿದ್ದರು. ಇಲ್ಲಿ ಎಲ್ಲಕ್ಕಿಂತ ಮೊದಲು ಎಂಟ್ರಿ ಕೊಡುವುದು ಪೊರಕೆ. ಅದರ ಹಿಂದೆ ಐವತ್ತನಾಲ್ಕು ವರ್ಷದ ಒಬ್ಬ ಹೆಂಗಸು: ಕಡುಹಸಿರು ಸ್ವೆಟರ್, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ, ಬಾಯಲ್ಲಿ ಹೇರ್‌ಪಿನ್.

ಮೂರು ಕೋಣೆ ಗುಡಿಸಿ, ಕಿಟಕಿಯ ಗಾಜು ಒರೆಸಿ, ಅದರ ಎದುರಿಗಿರುವ ಹಳೇ ಮರದ ಕುರ್ಚಿಯಲ್ಲಿ ಅವರು ಕೂರುತ್ತಾರೆ. ಬಿಪಿ ನೋಡುವ ಪಟ್ಟಿಯನ್ನು ತಮ್ಮ ತೋಳಿಗೇ ಸುತ್ತಿಕೊಂಡು ಗುಂಡಿ ಒತ್ತುತ್ತಾರೆ.

"ದಿನಾ ಮೊದಲು ನಂದೇ ನೋಡ್ಕೊಳ್ಳೋದು. ನಂದು ಯಾವಾಗ್ಲೂ ನೂರಾ ಹದಿನೆಂಟು. ಅದಕ್ಕಿಂತ ಜಾಸ್ತಿ ಬಂತು ಅಂದ್ರೆ ಮಿಷನ್ ಕೆಟ್ಟಿದೆ ಅಂತ ಅರ್ಥ."

ಮಿಷನ್ ಪೀಂ ಎನ್ನುತ್ತದೆ. ನೂರಾ ಮೂವತ್ತನಾಲ್ಕು.

"ನೋಡಿದ್ರಾ, ಕೆಟ್ಟಿದೆ," ಎನ್ನುತ್ತಾರೆ. ಇನ್ನೊಂದು ಸಲ ಒತ್ತಿದರೆ ನೂರಾ ಮೂವತ್ತಾರು. ಬಿಪಿ ಮಿಷನ್ನನ್ನು ಒಂದು ನೋಟದಲ್ಲೇ ಸುಟ್ಟುಹಾಕಲು ಸಾಧ್ಯವಿದ್ದರೆ ಅದು ಇಷ್ಟು ಹೊತ್ತಿಗೆ ಬೂದಿಯಾಗಿರುತ್ತಿತ್ತು.

ಕೆಟ್ಟಿರುವುದು ಮಿಷನ್ ಅಲ್ಲ. ಇವತ್ತು ಪರೀಕ್ಷೆಗೆ ಬರುವವರಲ್ಲಿ ಅವರ ಸ್ವಂತ ಅಕ್ಕನ ಗಂಡ ಇದ್ದಾರೆ.

ಅದಕ್ಕಿಂತ ಮೊದಲು ಈ ಜಾಗದ ಕತೆ ಹೇಳಬೇಕು. ಕಿಟಕಿಯಿಂದ ನೋಡಿದರೆ ಎರಡು ಗೋದಾಮುಗಳ ಆಚೆ ಒಂದು ಹುಲ್ಲಿನ ಬಯಲು, ಒಂದು ಪುಟ್ಟ ರನ್‌ವೇ, ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತೋರಿಸುವ ಕಿತ್ತಳೆ ಬಣ್ಣದ ಬಟ್ಟೆಯ ಚೀಲ. ದೊಡ್ಡ ವಿಮಾನಗಳಿಗೂ ಈ ಬಯಲಿಗೂ ಸಂಬಂಧವಿಲ್ಲ. ಇಲ್ಲಿ ಹಾರುವುದು ಎರಡು ಸೀಟಿನ, ನಾಲ್ಕು ಸೀಟಿನ ಸಣ್ಣ ವಿಮಾನಗಳು. ಹಾರಿಸುವವರು ಹಲ್ಲಿನ ಡಾಕ್ಟರು, ಕಾಲೇಜು ಮೇಡಂ, ಟೈರ್ ಅಂಗಡಿಯವರು. ಶೋಕಿಗಾಗಿ ಹಾರುವವರು. ಮದುವೆ, ಮಕ್ಕಳು, ವ್ಯಾಪಾರ ಅಂತ ಒಂದು ದಿನ ಬಿಟ್ಟುಬಿಡುತ್ತಾರೆ. ಹದಿನೈದಿಪ್ಪತ್ತು ವರ್ಷ ಕಳೆದು, ಮನೆಯಲ್ಲಿ ಟಿವಿ ರಿಮೋಟ್ ಕೂಡ ತನ್ನ ಕೈಲಿಲ್ಲ ಎಂದು ಗೊತ್ತಾದಾಗ, ಹಳೇ ಲೈಸೆನ್ಸ್ ಹುಡುಕಿ ಧೂಳು ಕೊಡವುತ್ತಾರೆ. ಸೆಕೆಂಡ್ ಇನ್ನಿಂಗ್ಸ್!

ಆದರೆ ಹೀರೋ ವಾಪಸ್ ಬಂದ ಅಂತ ಯಾರೂ ವಿಮಾನದ ಕೀಲಿ ಕೈಗಿಡುವುದಿಲ್ಲ. ಹಳೇ ಮೆಡಿಕಲ್ ಸರ್ಟಿಫಿಕೇಟಿನ ಅವಧಿ ಎಂದೋ ಮುಗಿದಿರುತ್ತದೆ. ಕಣ್ಣು, ಕಿವಿ, ಎದೆ, ಬಿಪಿ, ಸಕ್ಕರೆ ಎಲ್ಲಾ ಹೊಸದಾಗಿ ತೋರಿಸಬೇಕು. ನಲವತ್ತಕ್ಕೂ ಹೆಚ್ಚು ಪ್ರಶ್ನೆಗಳ ಫಾರಂ ತುಂಬಬೇಕು: ಯಾವ ಮಾತ್ರೆ ನುಂಗುತ್ತೀರಿ, ಆಪರೇಷನ್ ಆಗಿದೆಯಾ, ಯಾವಾಗಲಾದರೂ ಪ್ರಜ್ಞೆ ತಪ್ಪಿತ್ತಾ. ಕೊನೆಗೆ ಸಹಿ ಹಾಕುವುದು ಡಾಕ್ಟರು. ಅಲ್ಲಿಯವರೆಗಿನದನ್ನೆಲ್ಲ ಎಳೆದು ತರುವುದು ಈ ಹಸಿರು ಸ್ವೆಟರಿನವರು. ಇಪ್ಪತ್ತೆರಡು ವರ್ಷದಿಂದ. ಬಯಲಿನ ಹಾರುಗಾರರೆಲ್ಲ ಅವರನ್ನು ಕರೆಯುವುದು 'ಕುರ್ಚಿ ಮೇಡಂ' ಎಂದು.

ದಿನಕ್ಕೆ ಆರು ಜನ. ಅದರಲ್ಲಿ ನಾಲ್ವರಾದರೂ ವಾಪಸ್ ಬಂದವರು. ಬೀದಿಯಲ್ಲಿ ಲಾರಿ ಓಡಾಟ ಶುರುವಾಗುವ ಮೊದಲೇ ಕಿವಿ ಪರೀಕ್ಷೆ ಮುಗಿಯಬೇಕು, ಅದಕ್ಕೇ ಈ ಬೆಳಗಿನ ಜಾವದ ಡ್ಯೂಟಿ. ಮಿಷನ್ನಿನ ಪರೀಕ್ಷೆ ಇದ್ದೇ ಇದೆ. ಅದರ ಜೊತೆಗೆ ಮೇಡಂ, ಬಂದವರ ಬೆನ್ನ ಹಿಂದೆ ಆರಡಿ ದೂರ ನಿಂತು ಪಿಸುಗುಟ್ಟುತ್ತಾರೆ. ಅಂಕಿ ಹೇಳಬಹುದು, ಅಕ್ಷರ ಹೇಳಬಹುದು. ಇವರು ಹೇಳುವುದು, "ಸಾರ್, ಬೆನ್ ಮೇಲೆ ಜಿರಳೆ." ಎಗರಿ ಬಿದ್ದವರು ಪಾಸ್.

"ಅದಕ್ಕೇ ನಮ್ಮಲ್ಲಿ ಬಿಪಿ ಮೊದಲು, ಜಿರಳೆ ಆಮೇಲೆ," ಎನ್ನುತ್ತಾರೆ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

ಕಣ್ಣಿನ ಪರೀಕ್ಷೆಯ ಡ್ರಾಯರಿನಲ್ಲಿ ಒಂಬತ್ತು ಚಾರ್ಟುಗಳಿವೆ. ಪ್ರತಿ ಬೆಳಗ್ಗೆ ಕಣ್ಣು ಮುಚ್ಚಿ ಒಂದನ್ನು ಎಳೆದು ಗೋಡೆಗೆ ತೂಗುಹಾಕುತ್ತಾರೆ. ಇದರ ಹಿಂದೊಂದು ಫ್ಲ್ಯಾಶ್‌ಬ್ಯಾಕ್ ಇದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಇದ್ದದ್ದು ಒಂದೇ ಚಾರ್ಟ್. ಒಬ್ಬ ಪೀಠೋಪಕರಣದ ವ್ಯಾಪಾರಿ ಬಂದು ಕೊನೆಯ ಸಾಲಿನವರೆಗೂ ಗಡಗಡ ಓದಿದ್ದರು. ಮುಂದಿನ ತಿಂಗಳು ರನ್‌ವೇ ಅಂತ ತಿಳಿದು ಪಕ್ಕದ ಕಾಲುವೆಯ ದಂಡೆಯ ಮೇಲೆ ಇಳಿದರು. ವಿಮಾನ ಜಖಂ, ಒಂದು ಕಾಲು ಮುರಿಯಿತು, ಜೀವ ಉಳಿಯಿತು. ಊರುಗೋಲು ಹಿಡಿದು ಇಲ್ಲಿಗೇ ಬಂದು ಒಪ್ಪಿಕೊಂಡರು: ಹಿಂದೆ ಹಾರುತ್ತಿದ್ದ ಕಾಲದಿಂದಲೂ ಆ ಚಾರ್ಟ್ ಅವರಿಗೆ ಬಾಯಿಪಾಠ.

"ಅವರಿಗೆ ಕಾಲ್ ಹೋಯ್ತು, ನಂಗೆ ನಿದ್ದೆ ಹೋಯ್ತು. ಇವರು ಕೆಟ್ಟೋರಲ್ಲ ಕಣ್ರೀ. ಹಾರೋ ಆಸೆ ಇರೋರು ಪರೀಕ್ಷೆಗೆ ಹೆದರೋ ಮಕ್ಕಳ ಥರ. ಕಾಪಿ ಹೊಡೀತಾರೆ. ನಾನು ಕಾಪಿ ಹಿಡಿಯೋಳಾಗಬಾರದು, ಕಾಪಿ ಹೊಡೆಯೋದೇ ಬೇಡ ಅಂತ ಅವರಿಗೇ ಅನ್ನಿಸ್ಬೇಕು."

ಅದಕ್ಕೆ ಅವರು ಕಂಡುಕೊಂಡ ಆಯುಧವೇ ಈ ಕುರ್ಚಿ. ಬಿಪಿ ನೋಡುವ ಮೊದಲು ಯಾರೇ ಆದರೂ ಸುಮ್ಮನೆ ಕೂತು ಸುಧಾರಿಸಿಕೊಳ್ಳಬೇಕು, ಅದು ಎಲ್ಲ ಕಡೆಯ ಪದ್ಧತಿ. ಇವರು ಅದನ್ನು ಹತ್ತು ನಿಮಿಷ ಮಾಡಿದ್ದಾರೆ. ಫೋನಿಲ್ಲ, ಮಾತಿಲ್ಲ. ತುಂಬಿದ ಫಾರಂ ತೊಡೆಯ ಮೇಲೆ, ಪೆನ್ನು ಕಿಟಕಿಯ ಕಟ್ಟೆಯ ಮೇಲೆ. ಎದುರಿಗೆ ಬಯಲು, ಗಾಳಿಚೀಲ, ಕೆಲವೊಮ್ಮೆ ಮೇಲೇಳುತ್ತಿರುವ ಒಂದು ವಿಮಾನ. ಯಾರೂ ಏನೂ ಕೇಳುವುದಿಲ್ಲ. ಎಂಟನೇ ನಿಮಿಷದ ಹೊತ್ತಿಗೆ ಹತ್ತರಲ್ಲಿ ಮೂವರು ಪೆನ್ನಿಗೆ ಕೈ ಚಾಚುತ್ತಾರಂತೆ.

"ವಿಮಾನ ನೋಡ್ತಾ ನೋಡ್ತಾ ಸುಳ್ಳು ಹೇಳೋದು ಕಷ್ಟ," ಎನ್ನುತ್ತಾರೆ ಮೇಡಂ.

ಮೂರು ತಿಂಗಳ ಹಿಂದೆ ಇದೇ ಕುರ್ಚಿಗೆ ಭಾವ ಬಂದರು. ಅರವತ್ತೆರಡು ವರ್ಷ, ಟೈರ್ ಅಂಗಡಿಯ ಮಾಲೀಕ, ಹದಿನೇಳು ವರ್ಷದ ಹಿಂದೆ ಹಾರುವುದನ್ನು ಬಿಟ್ಟವರು. ಅವರ ಹೆಂಡತಿ, ಅಂದರೆ ಮೇಡಂ ಅವರ ಅಕ್ಕ, ಆ ಕಾಲದಲ್ಲಿ ಹೆದರಿಕೆಯಿಂದ ಒಮ್ಮೆಯೂ ವಿಮಾನ ಹತ್ತಿದವರಲ್ಲ. ಈಗ ಒಂದು ಮಾತು ಕೊಟ್ಟಿದ್ದರು: "ನನ್ ತಂಗಿ ಪರೀಕ್ಷೆ ಮಾಡಿ ಪಾಸಾದ್ರೆ, ಪಕ್ಕದ ಸೀಟಲ್ಲಿ ನಾನೇ ಕೂರ್ತೀನಿ."

ಮೇಡಂ ನೆಟ್ಟಗೆ ಡಾಕ್ಟರ ಬಳಿ ಹೋಗಿ, ಇವರು ನಮ್ಮ ಭಾವ, ಬೇರೆಯವರ ಕೈಲಿ ಮಾಡಿಸಿ ಎಂದರು. ಎಲ್ಲವನ್ನೂ ತಾನು ಇನ್ನೊಮ್ಮೆ ನೋಡುತ್ತೇನೆ ಎಂದ ಡಾಕ್ಟರು ಒಂದು ಮಾತು ಸೇರಿಸಿದರು: "ನೀವೇ ಮಾಡಿ. ಪರೀಕ್ಷೇಲಿ ನಿಮ್ಮಷ್ಟು ಕಷ್ಟ ಕೊಡೋರು ಬೇರೆ ಯಾರೂ ಇಲ್ವಲ್ಲ."

ಭಾವನ ಎಂಟ್ರಿ ಭರ್ಜರಿಯಾಗಿತ್ತಂತೆ. ಹಳೇ ಚರ್ಮದ ಜಾಕೆಟ್, ಕಪ್ಪು ಕನ್ನಡಕ, ಗುಂಡಿ ಮಾತ್ರ ಹೊಟ್ಟೆಯ ಮೇಲೆ ಕೂಡುತ್ತಿರಲಿಲ್ಲ.

"ಏನಮ್ಮಾ ನಾದಿನಿ, ಇವತ್ತು ಯಾವ ಚಾರ್ಟು? ಕಿವೀಲಿ ಹೇಳು."

"ಕಿವಿ ಪರೀಕ್ಷೆ ಆಮೇಲಿದೆ ಭಾವ. ಮೊದ್ಲು ಕನ್ನಡಕ ತೆಗೀರಿ, ಬಾಗಿಲು ಗುದ್ಕೋತೀರಾ."

ಫಾರಂ ತುಂಬಿದ್ದರು. ಬಿಪಿಗೆ ಒಂದು ಮಾತ್ರೆ ಎಂದು ಬರೆದಿದ್ದರು. ಪ್ರಜ್ಞೆ ತಪ್ಪಿತ್ತಾ ಎಂಬಲ್ಲಿ 'ಇಲ್ಲ'. ಮೇಡಂ ಅದನ್ನು ಓದಿದರು. ಅದಕ್ಕೂ ಹದಿನೈದು ದಿನದ ಹಿಂದೆ ಅಕ್ಕ ಫೋನಿನಲ್ಲಿ ಅಳುತ್ತಾ ಹೇಳಿದ್ದರು, "ಇವರು ಬೆಳಿಗ್ಗೆ ಬಚ್ಚಲಲ್ಲಿ ತಲೆ ತಿರುಗಿ ಬಿದ್ಬಿಟ್ರು ಕಣೇ, ಒಂದ್ ನಿಮಿಷ ಮಾತೇ ಇಲ್ಲ. ಯಾರಿಗೂ ಹೇಳ್ಬೇಡ ಅಂದಿದ್ದಾರೆ."

ಯಾರಿಗೂ ಹೇಳಬೇಡ ಎಂದರೆ ಏನು ಮಾಡುವುದು? ಹೇಳಿದರೆ ಅಕ್ಕನ ಸಂಸಾರದಲ್ಲಿ ಬೆಂಕಿ. ಹೇಳದಿದ್ದರೆ ಆ ವಿಮಾನದ ಪಕ್ಕದ ಸೀಟಿನಲ್ಲಿ ಕೂರುವುದು ಅದೇ ಅಕ್ಕ.

ಮೇಡಂ ಫಾರಂ ವಾಪಸ್ ಕೊಟ್ಟರು. "ಹತ್ತು ನಿಮಿಷ ಭಾವ. ಮಾತಾಡ್ಬೇಡಿ."

"ನಂಗೇನೂ ಬೇಡಮ್ಮ, ನಾನು ರಿಲ್ಯಾಕ್ಸ್ ಆಗೇ ಇದ್ದೀನಿ."

"ಮಾತಾಡಿದ್ರಿ. ಮತ್ತೆ ಮೊದಲಿಂದ ಹತ್ತು."

ಮೊದಲ ನಾಲ್ಕು ನಿಮಿಷ ಭಾವ ಕಾಲು ಅಲ್ಲಾಡಿಸಿದರು. ಐದಕ್ಕೆ ನಿಲ್ಲಿಸಿದರು. ಬಯಲಿನಲ್ಲಿ ಒಂದು ಬಿಳಿ ವಿಮಾನ ಓಡಿ ಮೇಲೆದ್ದಿತು. ಅದರ ಎರಡನೇ ಸೀಟಿನಲ್ಲಿ ಯಾರೋ ಇದ್ದರು. ಮೇಡಂ ಬೆನ್ನು ತಿರುಗಿಸಿ, ಆಗಲೇ ಜೋಡಿಸಿಟ್ಟ ಫೈಲುಗಳನ್ನೇ ಮತ್ತೆ ಜೋಡಿಸುತ್ತಿದ್ದರು. ಆ ಹತ್ತು ನಿಮಿಷದಲ್ಲಿ ತಾವು ಬೇಡಿಕೊಂಡಷ್ಟು ಯಾವತ್ತೂ ಬೇಡಿಕೊಂಡಿಲ್ಲ ಎನ್ನುತ್ತಾರೆ. ಭಾವ ಬರೆಯದೇ ಹೋಗಿದ್ದರೆ? "ಹನ್ನೊಂದನೇ ನಿಮಿಷಕ್ಕೆ ನಾನೇ ಡಾಕ್ಟ್ರ ಹತ್ರ ಹೋಗ್ತಿದ್ದೆ. ಅಕ್ಕ ಮಾತು ಬಿಟ್ರೂ ಪರವಾಗಿಲ್ಲ, ಅಕ್ಕ ಇರ್ಬೇಕಲ್ಲ."

ಒಂಬತ್ತನೇ ನಿಮಿಷ. ಕುರ್ಚಿ ಕಿರುಗುಟ್ಟಿತು.

ಭಾವ ಕಟ್ಟೆಯ ಮೇಲಿನ ಪೆನ್ನಿಗೆ ಕೈ ಚಾಚಿದರು.

'ಇಲ್ಲ' ಎಂಬುದನ್ನು ಹೊಡೆದುಹಾಕಿ 'ಹೌದು' ಎಂದು ಬರೆದರು. ಆಮೇಲೆ ಮಾತ್ರೆಯ ಸಾಲಿಗೆ ಹೋಗಿ, ಒಂದು ಎಂದಿದ್ದನ್ನು ಎರಡು ಎಂದು ತಿದ್ದಿದರು. ಅಲ್ಲಿಗೆ ಸಸ್ಪೆನ್ಸ್ ಒಡೆಯಿತು. ಇಂಥ ತಪ್ಪು ಮಾಡಲು ವಾಪಸ್ ಬರುವ ಪೈಲಟ್‌ಗೆ ಮಾತ್ರ ಸಾಧ್ಯ. ಪರೀಕ್ಷೆಯ ದಿನ ಬಿಪಿ ಚೆನ್ನಾಗಿ ಕಾಣಲಿ ಎಂದು ಭಾವ ಎರಡು ತಿಂಗಳಿಂದ ದಿನಕ್ಕೆ ಒಂದರ ಬದಲು ಎರಡು ಮಾತ್ರೆ ನುಂಗುತ್ತಿದ್ದರು. ಯಾರನ್ನೂ ಕೇಳದೆ. ಪರೀಕ್ಷೆಗೆ ಓದಿದ ಹಾಗೆ, ಡಬಲ್ ತಯಾರಿ! ಬಿಪಿ ಪಾತಾಳಕ್ಕಿಳಿದು, ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋದವರು ಧೊಪ್ಪೆಂದು ಬಿದ್ದಿದ್ದರು.

ಡಾಕ್ಟರು ಅವತ್ತು ಸಹಿ ಹಾಕಲಿಲ್ಲ. ಮಾತ್ರೆ ಮೊದಲಿನ ಲೆಕ್ಕಕ್ಕೆ ಬರಬೇಕು, ಹೃದಯದ ಡಾಕ್ಟರು ಇಡೀ ದಿನದ ಬಡಿತ ದಾಖಲಿಸಿ ಪತ್ರ ಕೊಡಬೇಕು, ಮೂರು ತಿಂಗಳು ಬಿಟ್ಟು ಬನ್ನಿ ಎಂದರು. ಭಾವ ಜಾಕೆಟ್ಟನ್ನು ಹೆಗಲಿಗೆಸೆದು ಹೊರಟುಹೋದರು. ಮೂರು ವಾರ ನಾದಿನಿಯ ಫೋನ್ ಎತ್ತಲಿಲ್ಲ.

"ಅಕ್ಕ ಮಾತ್ರ ದಿನಾ ಫೋನ್ ಮಾಡೋಳು. 'ಏನ್ ಮಾಡ್ದೆ ನೀನು? ಯಾರಿಗೂ ಹೇಳ್ಬೇಡ ಅಂದಿದ್ನಲ್ಲ' ಅಂತ. ನಾನು ಏನೂ ಮಾಡ್ಲಿಲ್ಲ ಕಣೇ, ಕುರ್ಚಿ ಕೊಟ್ಟೆ ಅಷ್ಟೇ ಅಂದೆ."

ಇವತ್ತು ಆ ಮೂರು ತಿಂಗಳು ಮುಗಿದಿದೆ. ಆರೂವರೆಗೆ ಮೆಟ್ಟಿಲ ಮೇಲೆ ಎರಡು ಜೊತೆ ಹೆಜ್ಜೆ. ಭಾವ ಜಾಕೆಟ್ ಬಿಟ್ಟು ಸಾದಾ ಶರ್ಟಿನಲ್ಲಿದ್ದಾರೆ. ಹಿಂದೆ ಅಕ್ಕ, ಕೈಯಲ್ಲಿ ವರದಿಗಳ ಚೀಲ. ಫಾರಂ ಮನೆಯಲ್ಲೇ ತುಂಬಿಕೊಂಡು ಬಂದಿದ್ದಾರೆ. ಎಷ್ಟು ತುಂಬಿದ್ದಾರೆಂದರೆ ಬರಹ ಹಿಂಬದಿಗೂ ಹರಿದಿದೆ.

"ಗೊರಕೆ ಅಂತಾನೂ ಬರೆದಿದ್ದೀರಲ್ಲ ಭಾವ!"

"ಅದು ನಿಮ್ಮಕ್ಕ ಬರೆಸಿದ್ದು. ಸಾಕ್ಷಿ ಸಮೇತ."

"ಬರೀದೆ ಏನು? ಮೂವತ್ತೈದು ವರ್ಷದಿಂದ ಪಕ್ಕದಲ್ಲೇ ಎಂಜಿನ್ ಓಡ್ತಿದೆ," ಎನ್ನುತ್ತಾರೆ ಅಕ್ಕ.

"ಸರಿ, ಕುರ್ಚಿಗೆ ಹೋಗಿ."

"ಎಲ್ಲಾ ಬರೆದಾಯ್ತಲ್ಲೇ, ಇನ್ನೇನ್ ಕಕ್ಕಿಸ್ತೀಯ?"

"ಬಿಪಿ ನೋಡ್ಬೇಕು ಭಾವ. ಹತ್ತು ನಿಮಿಷ."

ಭಾವ ಹೋಗಿ ಕೂರುತ್ತಾರೆ. ಈ ಸಲ ಕಾಲು ಅಲ್ಲಾಡುವುದಿಲ್ಲ. ಬಿಪಿ ನೂರಾ ಮೂವತ್ತು, ನೆಟ್ಟಗಿದೆ. ಹೃದಯದ ಡಾಕ್ಟರ ಪತ್ರ ನೆಟ್ಟಗಿದೆ. ಚಾರ್ಟಿನ ಏಳನೇ ಸಾಲಿನಲ್ಲಿ ಕನ್ನಡಕ ಬೇಕಾಗುತ್ತದೆ, ಕನ್ನಡಕ ಹಾಕಿ ಓದುತ್ತಾರೆ. ಜಿರಳೆಗೆ ಎಗರುತ್ತಾರೆ. ಅವರಿಗಿಂತ ಜೋರಾಗಿ, ಬಾಗಿಲಲ್ಲಿದ್ದ ಅಕ್ಕ ಎಗರುತ್ತಾರೆ. ಡಾಕ್ಟರು ಅರ್ಧ ಗಂಟೆ ತಾವೇ ಎಲ್ಲವನ್ನೂ ಮತ್ತೆ ನೋಡಿ, ಕನ್ನಡಕ ಹಾಕಿಯೇ ಹಾರಬೇಕು ಎಂಬ ಷರತ್ತು ಬರೆದು ಸಹಿ ಹಾಕುತ್ತಾರೆ.

ಆ ಕಾಗದದಲ್ಲಿ ಮೇಡಂ ಹೆಸರು ಎಲ್ಲೂ ಇಲ್ಲ. ಬೇಜಾರಿಲ್ಲವಾ?

"ನಂಗ್ಯಾಕೆ ಹೆಸರು? ನಂದು ಒಂದೇ ಆಸೆ. ಎಲ್ರೂ ಹಿಂಗೇ ಮನೆಯಿಂದಾನೇ ನಿಜ ಬರ್ಕೊಂಡು ಬರ್ಬೇಕು. ಹೇಳಿದ್ರೆ ಅರ್ಧಕ್ಕರ್ಧ ಜನಕ್ಕೆ ಏನಾದ್ರೂ ದಾರಿ ಇರುತ್ತೆ ರೀ. ಮುಚ್ಚಿಟ್ರೇನೇ ದಾರಿ ಇಲ್ಲ."

ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಬಹುದಾ ಎಂದರೆ ಭಾವ ಮೀಸೆ ತೀಡುತ್ತಾರೆ. "ಬರೀರಿ. ನನ್ ಥರ ಮಾತ್ರೆ ನುಂಗೋ ಬುದ್ಧಿವಂತರು ಇನ್ನೂ ಎಷ್ಟು ಜನ ಇದ್ದಾರೋ."

ಐದು ವಾರ ಕಳೆದಿದೆ. ಭಾವ ತರಬೇತುದಾರರ ಜೊತೆ ಹಾರಿ, ಒಬ್ಬರೇ ಹಾರಿ, ಜೊತೆಗೊಬ್ಬರನ್ನು ಕೂರಿಸಿಕೊಳ್ಳುವ ಅನುಮತಿಯನ್ನೂ ಪಡೆದಿದ್ದಾರೆ. ಬೆಳಿಗ್ಗೆ ಆರು ಗಂಟೆಗೆ ಕ್ಲಿನಿಕ್ಕಿನ ಫೋನ್ ಬಡಿದುಕೊಳ್ಳುತ್ತದೆ. ಬಯಲಿನಿಂದ ಅಕ್ಕ.

"ಇವರು ಬೆಲ್ಟ್ ಹಾಕೋ ಅಂತಿದ್ದಾರೆ. ನೀನ್ ಹೇಳು. ಕೂರ್ಲಾ, ಬೇಡ್ವಾ?"

ಇಪ್ಪತ್ತೆರಡು ವರ್ಷದಲ್ಲಿ ಮೇಡಂ ಒಬ್ಬರಿಗೂ 'ಆಗಬಹುದು' ಎಂದವರಲ್ಲ. ಅದು ಡಾಕ್ಟರ ಮಾತು ಎನ್ನುವುದು ಅವರ ಕಟ್ಟುನಿಟ್ಟು. ಒಂದು ಕ್ಷಣ ಫೋನನ್ನು ಎದೆಗೆ ಒತ್ತಿಕೊಳ್ಳುತ್ತಾರೆ. ಮತ್ತೆ ಕಿವಿಗಿಡುತ್ತಾರೆ.

"ಕೂತ್ಕೊ ಅಕ್ಕ."

ಫೋನಿಟ್ಟು, ಕಿಟಕಿಯ ಎದುರಿನ ಕುರ್ಚಿಗೆ ಬಂದು ತಾವೂ ಕೂರುತ್ತಾರೆ. ಫೋನಿಲ್ಲ, ಮಾತಿಲ್ಲ. ಬಿಳಿ ವಿಮಾನ ಓಡಿ, ಏಳುತ್ತದೆ. ಗೋದಾಮುಗಳ ಮೇಲೆ ಒಂದು ಸುತ್ತು, ಕಾಲುವೆಯ ಮೇಲೆ ಒಂದು ಸುತ್ತು. ಗೋಡೆಯ ಗಡಿಯಾರದಲ್ಲಿ ಒಂಬತ್ತು ನಿಮಿಷ ಆಗುವಾಗ ವಿಮಾನದ ಚಕ್ರ ರನ್‌ವೇಯ ನಟ್ಟನಡುವೆ ಊರುತ್ತದೆ. ಹತ್ತಾಗುವವರೆಗೂ ಮೇಡಂ ಏಳುವುದಿಲ್ಲ. ಆಮೇಲೆ ಪಟ್ಟಿಯನ್ನು ತೋಳಿಗೆ ಸುತ್ತಿ ಗುಂಡಿ ಒತ್ತುತ್ತಾರೆ.

ಪೀಂ. ನೂರಾ ಹದಿನೆಂಟು.

"ನೋಡಿ," ಎನ್ನುತ್ತಾರೆ, ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾ. "ಮಿಷನ್ ಸರಿಹೋಯ್ತು."