ಮೆಜೆಸ್ಟಿಕ್ ಕೆಳಗಿನ ಕೆರಿ

ಮೊದ್ಲ ಹೇಳಿಬಿಡ್ತೇನ್ರಿ, ನಾ ದೆವ್ವ-ಗಿವ್ವ ನಂಬೋ ಪೈಕಿ ಅಲ್ಲ. ಯಾರರೆ ಅಂಥ ಕತಿ ಚಾಲೂ ಮಾಡಿದ್ರ, "ಫೋನ್‌ನ್ಯಾಗ ರೆಕಾರ್ಡ್ ಮಾಡೀರೇನು?" ಅಂತ ಕೇಳಿ ಬಾಯಿ ಮುಚ್ಚಸ್ತಿದ್ನಿ. ಈಗ ನಾನ ಹೇಳಾಕ ಕುಂತೇನಿ, ಅದೂ ರೆಕಾರ್ಡ್ ಮಾಡಿದ ಸಪ್ಪಳದ್ದ ಕತಿ. ನಗ್ರಿ, ಅಡ್ಡಿ ಇಲ್ಲ.

ನಾ ಹುಬ್ಬಳ್ಳಿ ಕಮರಿಪೇಟಿಯಾಂವ. ರೈಲ್ವೆ ಟೇಶನ್ ಅಂದ್ರ ಹುಚ್ಚು. ಯಾವ ಕಾಲೇಜಿನ್ಯಾಗೂ ಕಲಿತದ್ದಲ್ಲ, ನಮ್ಮ ಕಾಕಾನ ಅರಿವಿ-ಬಟ್ಟಿ ಅಂಗಡ್ಯಾಗ ಗಿರಾಕಿ ಇಲ್ಲದಾಗ ಫೋನ್ ಹಿಡಕೊಂಡು ಓದಿ ಓದಿ ತಿಳಕೊಂಡದ್ದು. ಅದ್ರಾಗೂ ಬೆಂಗಳೂರಿನ ಮೆಜೆಸ್ಟಿಕ್‌ದಾಗ ನೆಲದ ಕೆಳಗ ಮೆಟ್ರೋ ಟೇಶನ್ ಐತಲ್ರಿ, ಅದು ನನ್ನ ಜೀವ. ಒಂದರ ಕೆಳಗ ಒಂದು ಎರಡು ದಾರಿ ಹಾಯ್ತಾವ ಅಲ್ಲಿ. ಆದ್ರ ನಾ ಮರುಳಾಗಿದ್ದು ಅದರ ಮ್ಯಾಲಿನ ಮಣ್ಣಿನ ಕತಿಗೆ. ಅಲ್ಲಿ ಹಿಂದಕ ದೊಡ್ಡ ಕೆರಿ ಇತ್ತು. ಊರ ಮಂದಿ ಅದರ ನೀರ ಕುಡೀತಿದ್ರು. ಆಮ್ಯಾಲ ನೀರ ಬರೋ ದಾರಿ ಕಟ್ಟಾಗಿ ಕೆರಿ ಬತ್ತಿತು, ಬಯಲಾತು, ಬಯಲಾಗ ಸಭಾ ಆದ್ವು, ಜಾತ್ರಿ ಗದ್ದಲ ಆತು, ಆಮ್ಯಾಲ ಬಸ್ ಸ್ಟ್ಯಾಂಡ್ ಬಂತು, ಕಡೀಕ ಅದರ ಹೊಟ್ಟ್ಯಾಗ ರೈಲು. ಅಂದ್ರ ಇವತ್ತ ಅಲ್ಲಿ ರೈಲಿಗೆ ನಿಂತ ಮನಷ್ಯಾ ಕೆರಿ ತಳಕ್ಕಿಂತ ಕೆಳಗ ನಿಂತಿರ್ತಾನ! ಇದನ್ನ ನಾ ಯಾರ್ಯಾರಿಗೆ ಹೇಳೇನೋ ಲೆಕ್ಕ ಇಲ್ಲ. ಅವ್ವ ಅಂತೂ, "ಮೊದಲ ಉಣ್ಣೋ ಮಾರಾಯಾ, ಕೆರಿ ಎಲ್ಲೂ ಹೋಗಂಗಿಲ್ಲ" ಅಂತಿದ್ಲು.

ಒಂದ ಕೊರತಿ. ಆ ಟೇಶನ್ ನಾ ನೋಡಿಲ್ಲ. ಬೆಂಗಳೂರಿಗೇ ಹೋಗಿಲ್ಲ.

ಬಸ್ಯಾ ಹೋಗಿ ಬಂದ. ಬಸ್ಯಾ ಅಂದ್ರ ಉಪ್ಪಿನಬೆಟಗೇರಿಯ ನಮ್ಮ ಚಿಗವ್ವನ ಮಗ, ನನಗಿಂತ ಸಣ್ಣಾಂವ. ಅವಂಗ ರೈಲಿನ ಹುಚ್ಚು ಹಚ್ಚಿದಾಂವನೂ ನಾನ. ಬಸರಿ ಅಕ್ಕನ ಕುಬಸಕ್ಕ ಅಂತ ಬೆಂಗಳೂರಿಗೆ ಹೋದಾಂವ, ಹೊಳ್ಳಿ ಬಂದು ನಮ್ಮನಿ ಕಟ್ಟಿ ಮ್ಯಾಲ ಕುಂತ.

"ಕೆಳಗ ಎಷ್ಟ ತಂಪ ಇರ್ತೈತೋ ಅಣ್ಣಾ! ನೀ ಹೇಳ್ತಿದ್ದೆಲ್ಲ, ಹಂಗಲ್ಲ ಅದು. ಬ್ಯಾರೇನ ಐತಿ."

"ಹೆಂಗ ಬ್ಯಾರೆ?"

"ಹೇಳಾಕ ಬರಂಗಿಲ್ಲ. ನೋಡಬೇಕು."

ನೋಡಬೇಕಂತ! ನಾ ಮನಸಿನ್ಯಾಗ ನಿಶ್ಚಯ ಮಾಡಿಟ್ಟ ಹುಡಿಗಿನ್ನ ಇಂವ ಹೋಗಿ ಮಾತಾಡಿಸಿ ಬಂದಂಗ ಆತು. ಅವತ್ತ ನನಗ ರೊಟ್ಟಿ ಸೇರಲಿಲ್ಲ. ಅದರ ಮ್ಯಾಲ, ಅಂವ ಅಲ್ಲೆ ಪ್ಲಾಟ್‌ಫಾರ್ಮ್‌ದಾಗ ಸಪ್ಪಳ ರೆಕಾರ್ಡ್ ಮಾಡ್ಕೊಂಡು ಬಂದು ನನಗೂ ಕಳಿಸಿದ. ರೈಲು ಬರ್ತೈತಿ, ಬಾಗಲಾ ತಗೀತಾವ, ಮುಚ್ಚತಾವ, ರೈಲು ಹೋಗ್ತೈತಿ, ಆಮ್ಯಾಲ ಒಂದ್ ಸ್ವಲ್ಪ ಹೊತ್ತು ಗುಂಯ್ ಅಂತ ಗಾಳಿ. ಹೊಟ್ಟಿ ಉರಕೋಂತನ ನಾ ಅದನ್ನ ಎಷ್ಟ ಸಲ ಕೇಳಿದ್ನೋ.

ನಮ್ಮ ಓಣ್ಯಾಗ ದೇಸಾಯಿ ಕಾಕಾ ಅಂತ ಅದಾರ. ರೈಲ್ವೆದಾಗ ಇದ್ದು ರಿಟೈರ್ ಆದಾವ್ರು. ಒಮ್ಮೊಮ್ಮಿ ರವಿವಾರ ಮುಂಜಾನೆ ಒಂದು ಹಾಲ್‌ನ್ಯಾಗ ರೈಲಿನ ಹುಚ್ಚರನ್ನ ಕೂಡಸ್ತಾರ. ಒಬ್ಬರು ಮಾತಾಡ್ತಾರ, ಉಳಿದವ್ರು ಚಾ-ಚುರಮರಿ ತಿಂದು ಕೇಳ್ತಾರ. ಅಲ್ಲೆ ಒಂದು ಸಲ ಮಂದಿ ಮುಂದ ನಿಂತು ಈ ಟೇಶನ್ ಕತಿ ಹೇಳಬೇಕು, ಇಂವಂಗ ಏನರೆ ತಿಳೀತೈತಿ ಅಂತ ನಾಕ ಮಂದಿ ಅನಬೇಕು. ನನಗ ಅದೊಂದ ಆಶಾ ಇತ್ತು. ಕಾಕಾ ಕರದದ್ದು ಬಸ್ಯಾನ್ನ.

ತಡೀಲಾರದ ಕೇಳೇ ಬಿಟ್ನಿ. "ಕಾಕಾ, ನಾ ಅದರ ಮ್ಯಾಲ ಎಷ್ಟ ಓದೇನಿ ಗೊತ್ತೈತಲ್ರಿ ನಿಮಗ?"

"ಗೊತ್ತೈತಿ ತಮ್ಮಾ," ಅಂದ್ರು. "ನೀ ಓದೀದಿ. ಅಂವ ನೋಡ್ಯಾನ."

ಮುಗೀತು. ಮರದಿವ್ಸ ಬಸ್ಯಾನ ಬಂದು, "ಅಣ್ಣಾ, ಕೆರಿದು ಕತಿ ಹೇಳಿಕೊಡೋ, ನಾ ಟೇಶನ್ ಅಷ್ಟ ನೋಡೇನಿ" ಅಂದ. ಹೇಳಿಕೊಟ್ನಿ. ಚಿಗವ್ವನ ಮಗ, ಇಲ್ಲ ಅನ್ನಾಕ ಬರತೈತೇನು?

ರವಿವಾರ ನಾ ಬೇಕಂತನ ತಡಾ ಮಾಡಿ ಹೋದ್ನಿ. ಹಾಲ್ ಬಾಗಲದಾಗ ಬಸ್ಯಾ ಹೊಸಾ ಅಂಗಿ ಹಾಕ್ಕೊಂಡು ನಿಂತು, "ಕಾಲ್ಮರಿ ಹೊರಗ ಬಿಡ್ರಿ, ಕಾಲ್ಮರಿ ಹೊರಗ ಬಿಡ್ರಿ. ಇವತ್ತ ಕೆರಿಗೆ ಇಳ್ಯಾಕ ಹೊಂಟೇವಿ!" ಅನ್ನಾಕತ್ತಿದ್ದ. ನಮ್ಮ ಕಡೆ ಚಪ್ಪಲ್ ಮೆಟ್ಟಿ ಕೆರಿಗೆ ಇಳಿಯಂಗಿಲ್ರಿ. ಕೆರಿ ನೀರಿಗೆ ಗಂಗವ್ವ ಅಂತಾರ. ಮಂದಿ ನಕ್ಕೋಂತ ಚಪ್ಪಲ್ ಹೊರಗ ಬಿಟ್ರು. ಒಬ್ಬ ಅಜ್ಜ ಹೊಸ್ತಲಾ ಮುಟ್ಟಿ ನಮಸ್ಕಾರ ಮಾಡೇ ಒಳಗ ಹ್ವಾದ. ಚೇಷ್ಟಿ ಅವಂದು, ಖರೆ. ಕೆರಿ ನಂದು! ನಾ ಚಪ್ಪಲ್ ಹಾಕ್ಕೊಂಡ ಒಳಗ ಹೋಗಿ ಕಡೀ ಸಾಲಿನ್ಯಾಗ ಕುಂತ್ನಿ.

"ಅಣ್ಣಾ, ಕಾಲ್ಮರಿ..." ಅಂದ ಬಸ್ಯಾ.

"ಇದು ಕೆರಿ ಅಲ್ಲಪಾ ತಮ್ಮಾ, ಹಾಲ್ ಐತಿ. ನೀ ಶುರು ಮಾಡು." ಅದಕ್ಕೂ ಮಂದಿ ನಕ್ಕರು. ಅವತ್ತ ನನ್ನ ಪಾಲಿಗೆ ಬಂದ ನಗಿ ಅದೊಂದ.

ಸುಳ್ಳ್ಯಾಕ ಹೇಳ್ಲಿ, ಛಲೋ ಮಾತಾಡಿದ. ಎಸ್ಕಲೇಟರ್‌ಗೆ 'ಓಡೋ ಪಾವಟಿಗಿ' ಅಂದ, ಎರಡು ದಾರಿಯೊಳಗ ಯಾವುದು ಮ್ಯಾಲ ಯಾವುದು ಕೆಳಗ ಅನ್ನೂದ ಅದಲಿ ಬದಲಿ ಮಾಡಿದ, ಆದ್ರೂ ಮಂದಿ ಬಾಯಿ ತಕ್ಕೊಂಡು ಕೇಳಿದ್ರು. ಕಡೀಕ ಫೋನ್‌ನ್ನ ದೊಡ್ಡ ಸ್ಪೀಕರಿಗೆ ಹಚ್ಚಿದ. "ಇದು ಎಲ್ಲಾಕ್ಕಿಂತ ಕೆಳಗಿನ ಪ್ಲಾಟ್‌ಫಾರ್ಮ್. ರೈಲು ಹೋದ ಮ್ಯಾಲ ಒಂದ್ ಗಳಿಗಿ ಸುಮ್ಮ ಕುಂತು ಕೇಳ್ರಿ."

ರೈಲು ಬಂತು, ಹೋತು. ಗುಂಯ್ ಅಂತ ಗಾಳಿ. ನನಗ ಬಾಯಿಪಾಠ ಆಗಿದ್ದ ಸಪ್ಪಳ.

ಆವಾಗ ಮೊದಲನೇ ಸಾಲಿನ್ಯಾಗ ಕುಂತ ದೇಸಾಯಿ ಕಾಕಾ ಧೋತರ ಮ್ಯಾಲ ಎತ್ತಿದ್ರು. ಬಾಜೂಕಿದ್ದ ಅಜ್ಜಿ ಸೀರಿ ನಿರಗಿ ಹಿಡದು ಕಾಲ ಎತ್ತಿ ಖುರ್ಚಿ ಮ್ಯಾಲ ಇಟ್ಕೊಂಡ್ಲು. ಅವರ ಹಿಂದಿನ ಸಾಲು ಎತ್ತಿತು. ಅದರ ಹಿಂದಿನ ಸಾಲು. ಒಬ್ಬರ ಮಾರಿ ಒಬ್ಬರು ನೋಡಲಿಲ್ಲ. ಒಬ್ಬಾಕಿ ನೆಲದ ಮ್ಯಾಲ ಆಡೋ ಕೂಸಿನ್ನ ಲಗೂನ ಎತ್ತಿ ಬಗಲಾಗ ಇಟ್ಕೊಂಡ್ಲು. ಹಳ್ಳ ಬಂದಾಗ ಮನ್ಯಾಗ ನೀರ ಹೊಕ್ರ ಹೆಂಗ ಮಾಡ್ತೇವಲ್ರಿ, ಹಂಗ. ಎಲ್ಲಾರ ಕಣ್ಣು ನೆಲದ ಮ್ಯಾಲ. ನಾನೂ ನೋಡಿದ್ನಿ. ನೆಲ ಒಣಾ ಇತ್ತು. ಸ್ಪೀಕರ್‌ನ್ಯಾಗ ಬರೇ ಗಾಳಿ.

ಸಪ್ಪಳ ನಿಂತಿತು. ಕಾಲೆಲ್ಲ ಕೆಳಗ ಬಂದ್ವು.

ಕಾಕಾ ಧೋತರ ಸರಿ ಮಾಡ್ಕೊಂಡು, "ಅಲ್ಲೆ ಅರಿವಿ ಯಾರ ಒಗ್ಯಾಕತ್ತಿದ್ರೋ ಬಸ್ಯಾ?" ಅಂದ್ರು.

"ಕಲ್ಲಿಗೆ ಬಡ್ಯೋದು ಎಷ್ಟ ಸ್ವಚ್ಛ ಕೇಳಸ್ತು ನೋಡಪಾ!" ಅಂದ್ಲು ಅಜ್ಜಿ.

ಬಸ್ಯಾನ ಮಾರಿ ಬಿಳೀ ಆಗಿತ್ತು. "ಅಲ್ಲೆ ನೀರ ಇಲ್ರೀ ಅಜ್ಜಿ," ಅಂದ. ಆದ್ರ ಅವಂಗೂ ಕೇಳಿಸಿತ್ತು. ಮೊದ್ಲ ಎಂದೂ ಕೇಳಿಸಿದ್ದಿಲ್ಲ ಅಂತ ಆಮ್ಯಾಲ ನನ್ನ ಮುಂದ ಆಣಿ ಮಾಡಿ ಹೇಳಿದ.

ನನಗ ಅಂಜಿಕಿ ಬರಬೇಕಾಗಿತ್ತು. ಬಂದದ್ದು ಹೊಟ್ಟಿಕಿಚ್ಚು. ಆ ಕೆರಿ ಸಲುವಾಗಿ ಕಣ್ಣ ಕೆಡಿಸ್ಕೊಂಡು ಓದಿದಾಂವ ನಾನು. ಅದರ ನೀರಿನ ಸಪ್ಪಳ ಚುರಮರಿ ತಿನ್ನಾಕ ಬಂದ ಮಂದಿಗೂ ಕೇಳಸ್ತು, ತಿಳೀಲಾರದ ಕೂಸಿಗೂ ಕೇಳಸ್ತು, ನನಗೊಬ್ಬಂಗ ಇಲ್ಲ. ದೆವ್ವಕ್ಕೂ ಬಸ್ಯಾನ ಬೇಕಾತೇನ್ರಿ?

ಚಾ ಸೈತ ಕುಡೀದ ಎದ್ದು ಹೊಂಟ್ನಿ. ಬಾಗಲಾ ದಾಟಿದ್ನಿ, ಕಾಲಾಗ ಪಚಕ್ ಅಂತು.

ಚಪ್ಪಲ್ ತೊಯ್ದು ತೊಪ್ಪಿ ಆಗಿದ್ವು. ಪ್ಯಾಂಟು ಹಿಮ್ಮಡದ ಮ್ಯಾಲ ತನಕ ಹಸಿ. ಬೆರಳ ಸಂದ್ಯಾಗ ರಾಡಿ, ಪಾಚಿ ವಾಸನಿ. ಹೊಳ್ಳಿ ನೋಡಿದ್ರ ನನ್ನ ಖುರ್ಚಿಯಿಂದ ಬಾಗಲದ ತನಕ ಹಸೀ ಹೆಜ್ಜಿ, ನನ್ನವಷ್ಟ. ಖುರ್ಚಿ ಕೆಳಗ ಒಂದ ಹನಿ ನೀರಿಲ್ಲ. ಯಾರರೆ ಚೆಲ್ಲಿರಬೇಕು ಅಂದ್ರ ನೀರಿನ ಡ್ರಮ್ಮು ಇದ್ದದ್ದು ಮುಂದ, ಬಸ್ಯಾನ ಹತ್ರ. ಮಳಿಗಾಲ ಅಲ್ಲ. ಇನ್ನ ರಾಡಿ. ರಾಡಿ ಕೆಂಪಿತ್ರಿ, ಬೆಂಗಳೂರಿನ ಮಣ್ಣ ಕೆಂಪಂತ ಓದಿದ್ನಲ್ಲ, ಹಂಗ. ನಮ್ಮದು ಕರಿ ಎರಿ ಮಣ್ಣಿನ ಊರು. ಧಾರವಾಡದ ಕಡೆ ಕೆಂಪು ಸಿಗ್ತೈತಿ, ಖರೆ, ಆದ್ರ ನಾ ಮನಿಯಿಂದ ಸೀದಾ ಓಣಿ ದಾಟಿ ಬಂದಾಂವ.

ಯಾರೂ ನೋಡೋದ್ರಾಗ ಚಪ್ಪಲ್ ಕೈಯಾಗ ಹಿಡಕೊಂಡು ಮನಿಗೆ ಬಂದ್ನಿ. "ಯಾಕೋ, ಬರಿಗಾಲ್ಲೆ ಬಂದಿ? ಕಾಲ್ಮರಿ ಹರದ್ವೇನು?" ಅಂದ್ಲು ಅವ್ವ. ಹೂಂ ಅಂದ್ನಿ.

ಇದಾಗಿ ವರ್ಷಗಳಾದ್ವು. ಆ ಚಪ್ಪಲ್ ಇನ್ನೂ ಮಂಚದ ಕೆಳಗ ಒಂದು ಕೈಚೀಲದಾಗ ಅದಾವ, ಮಣ್ಣ ಒಣಗಿ ಗಟ್ಟಿ ಆಗೇತಿ. ಏನಿತ್ತು ಅದು, ನನಗ ತಿಳಿದಿಲ್ಲ. ತಿಳಕೊಳ್ಳಾಕ ಒಂದ ದಾರಿ ಐತಿ. ಬಸ್ಯಾ ಆ ಟೇಶನ್‌ಗೆ ಬೂಟ ಹಾಕ್ಕೊಂಡ ಇಳದಿದ್ದ, ಫೋಟೋದಾಗ ಕಾಣತೈತಿ. ಅವನ ಬೂಟ ತೊಯ್ದಿದ್ವೋ ಇಲ್ಲೋ, ಅಷ್ಟ ಕೇಳಬೇಕು. ಅಂವ ಮನಿಗೆ ಬಂದಾಗೊಮ್ಮಿ ಮಾತು ತುಟಿ ತನಕ ಬರ್ತೈತಿ. ಆದ್ರ ಕೇಳಿದ್ರ ನಂದೂ ಹೇಳಬೇಕಾಗ್ತೈತಿ. ಹೇಳಿದ್ರ ಮುಂದಿನ ರವಿವಾರ ಇದನ್ನೂ ಅಂವನ ನಿಂತು ಹೇಳ್ತಾನ, ನನಗಿಂತ ಛಲೋ ಹೇಳ್ತಾನ. ಕೇಳಿಲ್ಲ.

ಮತ್ತ ಇಲ್ಲೆ ಬರದೀಯಲ್ಲೋ, ಅಂವ ಓದಿದ್ರ ಅಂತೀರಿ. ಓದಂಗಿಲ್ರಿ. ಅಂವ ಏನೂ ಓದಂಗಿಲ್ಲ. ನೋಡ್ತಾನ, ಅಷ್ಟ.